ಮೋರಿ ಕೆಲಸಕ್ಕೂ ರಾಷ್ಟ್ರೀಯ ಮಹತ್ವ ಇದೆ ಸ್ವಾಮಿ



ಪೋಸ್ಟ್ ಉದ್ದ ಇದೆ. ಬಿಡುವಾದಾಗ ಓದಿ. ಅಮೆರಿಕಾದಲ್ಲಿ ಓದ್ತಿರೋ, ದುಡೀತಿರೋ ನಮ್ಮ ಮಕ್ಕಳು ನಿಮ್ಮ ಪರಿಚಯದಲ್ಲಿದ್ರೆ ಅವರಿಗೂ ಕಳಿಸಿ.

ಕೆಲವು ದಿನಗಳಿಂದ ಒಂದು ಫಾರ್ವರ್ಡ್ ವಾಟ್ಸಾಪ್‌ನಲ್ಲಿ ಓಡಾಡ್ತಾ ಇದೆ. ಅಮೆರಿಕಾದಲ್ಲಿ 'ನ್ಯಾಷನಲ್ ಇಂಟರೆಸ್ಟ್ ವೇವರ್' ಅಂತ ಒಂದು ದಾರಿ ಇದೆಯಂತೆ, ಅದು ಐಐಟಿಯೋರಿಗೆ, ರಾಕೆಟ್ ಮಾಡೋರಿಗೆ, ಎಐ ಮಾಡೋರಿಗೆ ಮಾತ್ರವಂತೆ, ಅಲ್ಲಿ ಮೀಸಲಾತಿ ನಡೆಯಲ್ಲವಂತೆ, ಕೋಟಾದಲ್ಲಿ ಬಂದೋರು ಆ ಕಡೆ ತಲೆ ಹಾಕಬಾರದಂತೆ. ಕೊನೇಲಿ ಒಂದು ನಗೋ ಎಮೋಜಿ ಬೇರೆ. ಕಳಿಸಿದವರಲ್ಲಿ ನನ್ನ ಆಫೀಸಿನ ಸಹೋದ್ಯೋಗಿಗಳೂ ಇದ್ದಾರೆ. ನಾಳೆ ಬೆಳಗ್ಗೆ ಅವರ ಎದುರು ಟೇಬಲ್ಲಿನಲ್ಲೇ ನಾನು ಕೂತ್ಕೋಬೇಕು. ಇರಲಿ, ಉತ್ತರ ಕೊಡ್ತೀನಿ.

"ನೀನು ಗುಮಾಸ್ತ, ಓದಿರೋದು ಬಿಎ, ನಿನಗೂ ಅಮೆರಿಕಾಗೂ ಏನಯ್ಯಾ ಸಂಬಂಧ" ಅಂತ ಕೇಳೋರಿಗೆ ಒಂದು ಮಾತು. ಅಮೆರಿಕಾ ನಾನು ನೋಡಿಲ್ಲ. ಕಡತ ನೋಡಿದ್ದೀನಿ. ಇಪ್ಪತ್ತು ವರ್ಷದಿಂದ ಅರ್ಜಿ, ಲಗತ್ತು, ಟಿಪ್ಪಣಿ, ಆಕ್ಷೇಪಣೆ ಇದೇ ನನ್ನ ಜೀವನ. ಯಾವ ಅರ್ಜಿ ಪಾಸಾಗುತ್ತೆ, ಯಾವುದು ವಾಪಸ್ ಬರುತ್ತೆ ಅಂತ ಕವರ್ ಬಿಚ್ಚಿದಾಗಲೇ ಅರ್ಧ ಗೊತ್ತಾಗುತ್ತೆ. ನಮ್ಮ ತಾಲೂಕಿನ ಒಬ್ಬ ಹುಡುಗಿ ಈ ವೇವರ್‌ಗೆ ಅರ್ಜಿ ಹಾಕುವಾಗ ಅವಳ ಕಾಗದಗಳನ್ನ ಡಿಕ್ಷನರಿ ಪಕ್ಕದಲ್ಲಿಟ್ಕೊಂಡು ಒಂದೊಂದಾಗಿ ಓದಿದ್ದೀನಿ. ಆ ಕಾನೂನಿನ ತೀರ್ಪನ್ನೂ ಓದಿದ್ದೀನಿ. ಫಾರ್ವರ್ಡ್ ಮಾಡಿದವರಲ್ಲಿ ಎಷ್ಟು ಜನ ಓದಿದ್ದಾರೆ ಅಂತ ಅವರೇ ಹೇಳಲಿ.

ಮೊದಲು ವಿಷಯ ನೆಟ್ಟಗೆ ತಿಳ್ಕೊಳ್ಳೋಣ.

ಅಮೆರಿಕಾದಲ್ಲಿ ಕೆಲಸದ ಆಧಾರದ ಮೇಲೆ ಗ್ರೀನ್ ಕಾರ್ಡ್ ಕೊಡೋ ವರ್ಗಗಳಲ್ಲಿ ಎರಡನೇದು ಇಬಿ-2. ಸ್ನಾತಕೋತ್ತರ ಪದವಿ ಇರೋರು, ಅಥವಾ ಡಿಗ್ರಿ ಆದ ಮೇಲೆ ಜವಾಬ್ದಾರಿ ಹೆಚ್ಚುತ್ತಾ ಹೋದ ಐದು ವರ್ಷದ ಅನುಭವ ಇರೋರು, ಅಥವಾ ತಮ್ಮ ವಿದ್ಯೆಯಲ್ಲಿ ಅಸಾಧಾರಣ ಸಾಮರ್ಥ್ಯ ತೋರಿಸಿದೋರು ಇದರೊಳಗೆ ಬರ್ತಾರೆ. ಮಾಮೂಲಿ ದಾರೀಲಿ ಅರ್ಜಿ ಹಾಕಬೇಕಾದ್ದು ಕಂಪನಿ. ಈ ಕೆಲಸಕ್ಕೆ ಅರ್ಹರಾದ ಅಮೆರಿಕನ್ನರು ಸಿಗಲಿಲ್ಲ ಅಂತ ಅಲ್ಲಿನ ಕಾರ್ಮಿಕ ಇಲಾಖೆಯಿಂದ ಸರ್ಟಿಫಿಕೇಟ್ ತರಬೇಕಾದ್ದೂ ಕಂಪನಿಯೇ. ಆದ್ರೆ ಅರ್ಜಿದಾರರು ಮಾಡೋ ಕೆಲಸ ದೇಶಕ್ಕೇ ಹಿತ ಅನ್ನಿಸಿದ್ರೆ ಕಂಪನಿಯೂ ಬೇಡ, ಸರ್ಟಿಫಿಕೇಟೂ ಬೇಡ, ನೇರವಾಗಿ ತಾವೇ ಐ-140 ಅರ್ಜಿ ಹಾಕ್ಕೋಬಹುದು ಅಂತ ಕಾನೂನಿನಲ್ಲಿ ಒಂದು ವಿನಾಯಿತಿ ಇದೆ. ಅದೇ ಈ ವೇವರ್.

ವೇವರ್ ಅಂದ್ರೇನೇ ವಿನಾಯಿತಿ ಸ್ವಾಮಿ! ಎಲ್ಲರಿಗೂ ಇರೋ ನಿಯಮವನ್ನ ಒಂದು ದೊಡ್ಡ ಉದ್ದೇಶಕ್ಕೋಸ್ಕರ ಒಬ್ಬರಿಗೆ ಸಡಿಲ ಮಾಡೋದು. ನಮಗೆ ಸಂವಿಧಾನ ಕೊಟ್ಟ ಹಕ್ಕನ್ನ 'ರಿಯಾಯಿತಿ' ಅಂತ ಮೂಗು ಮುರಿಯೋರು, ಅಮೆರಿಕಾದ ಆಫೀಸರ್ ಮುಂದೆ ವಿನಾಯಿತಿ ಕೊಡಿ ಅಂತ ನೂರಾರು ಪುಟದ ಅರ್ಜಿ ಹಿಡ್ಕೊಂಡು ನಿಲ್ತಾರೆ. ನಿಲ್ಲಲಿ, ತಪ್ಪೇನಿಲ್ಲ. ಆದ್ರೆ ಅದಕ್ಕೆ ಮೆರಿಟ್ ಅಂತ ಹೆಸರಿಟ್ಟು, ಇದಕ್ಕೆ ಭಿಕ್ಷೆ ಅಂತ ಹೆಸರಿಡೋದನ್ನ ಮಾತ್ರ ನಿಲ್ಲಿಸಲಿ.

ಈಗ ಅಸಲು ಮಾತಿಗೆ ಬರೋಣ. ವಿನಾಯಿತಿ ಕೊಡೋಕೆ ಏನು ನೋಡ್ತಾರೆ? 2016ರ ಡಿಸೆಂಬರಿನಲ್ಲಿ ಅಲ್ಲಿನ ವಲಸೆ ಇಲಾಖೆಯ ಮೇಲ್ಮನವಿ ಕಚೇರಿ ಕೊಟ್ಟ 'ಧನಸಾರ್' ಅನ್ನೋ ತೀರ್ಮಾನದಲ್ಲಿ ಮೂರು ಅಳತೆಗೋಲು ಇಟ್ಟಿದ್ದಾರೆ. ಒಂದು, ಮಾಡಬೇಕು ಅಂತಿರೋ ಕೆಲಸದಲ್ಲಿ ಹುರುಳಿರಬೇಕು, ಜೊತೆಗೆ ಅದಕ್ಕೆ ರಾಷ್ಟ್ರೀಯ ಮಹತ್ವ ಇರಬೇಕು. ಎರಡು, ಆ ಕೆಲಸವನ್ನ ಮುಂದಕ್ಕೆ ಒಯ್ಯೋ ತಾಕತ್ತು ಈ ಅರ್ಜಿದಾರರಿಗೆ ಇರಬೇಕು. ಮೂರು, ಎಲ್ಲಾ ತೂಗಿ ನೋಡಿದಾಗ ಕಂಪನಿ, ಸರ್ಟಿಫಿಕೇಟಿನ ನಿಯಮ ಬಿಡೋದೇ ದೇಶಕ್ಕೆ ಒಳ್ಳೇದು ಅನ್ನಿಸಬೇಕು.

ನಮ್ಮ ಮಕ್ಕಳು ಎಡವೋದು ಮೊದಲನೇದರಲ್ಲೇ. ರಾಷ್ಟ್ರೀಯ ಮಹತ್ವ ಅಂದ ತಕ್ಷಣ ಅವರ ಕಣ್ಣ ಮುಂದೆ ರಾಕೆಟ್ಟು, ಮಿಲಿಟರಿ, ನೊಬೆಲ್ ಬಂದು ನಿಲ್ಲುತ್ತೆ. ಫಾರ್ವರ್ಡ್ ಮಾಡೋರು ಹೆದರಿಸೋದೂ ಅದನ್ನೇ ತೋರಿಸಿ. ಆದ್ರೆ ಆ ತೀರ್ಮಾನದ ಒಳಗೆ ಏನಿದೆ ನೋಡಿ.

ಧನಸಾರ್ ಒಬ್ಬ ಎಂಜಿನಿಯರಿಂಗ್ ಸಂಶೋಧಕ. ಶಬ್ದಕ್ಕಿಂತ ಅನೇಕ ಪಟ್ಟು ವೇಗವಾಗಿ ಹಾರೋ ವಾಹನಗಳ ಎಂಜಿನ್ ಮೇಲೆ ಕೆಲಸ. ಜೊತೆಗೆ ವಿದ್ಯಾರ್ಥಿಗಳಿಗೆ ಪಾಠ ಮಾಡ್ತೀನಿ ಅಂತಲೂ ಅರ್ಜಿಯಲ್ಲಿ ಇತ್ತು. ಓದಿದ್ದು, ಸಂಶೋಧನೆ ಮಾಡಿದ್ದು ನಾರ್ತ್ ಕೆರೋಲಿನಾ ಅಗ್ರಿಕಲ್ಚರಲ್ ಅಂಡ್ ಟೆಕ್ನಿಕಲ್ ವಿಶ್ವವಿದ್ಯಾಲಯದಲ್ಲಿ. ಈ ಹೆಸರು ನೆನಪಿಟ್ಕೊಳ್ಳಿ. ಅದು ಕಪ್ಪು ಜನರಿಗೋಸ್ಕರ 1891ರಲ್ಲಿ ಶುರುವಾದ ವಿದ್ಯಾಸಂಸ್ಥೆ. 1960ರ ಫೆಬ್ರವರಿ 1ರಂದು ಗ್ರೀನ್ಸ್‌ಬರೋ ಊರಿನಲ್ಲಿ ಬಿಳಿಯರಿಗೆ ಮಾತ್ರ ಅಂತಿದ್ದ ಊಟದ ಕೌಂಟರಿನಲ್ಲಿ ಹೋಗಿ ಕೂತು, ಏಳಲ್ಲ ಅಂದ ನಾಲ್ಕು ಹುಡುಗರು ಅಲ್ಲಿನ ವಿದ್ಯಾರ್ಥಿಗಳೇ. ಮಹಾಡದ ಕೆರೆ ನೀರು ಮುಟ್ಟಿದವರ ಮಕ್ಕಳು ನಾವು. ಆ ಕೌಂಟರ್ ಏನು ಅಂತ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ತೀರ್ಮಾನ ಏನಾಯ್ತು? ವಿನಾಯಿತಿ ಸಿಕ್ತು. ಎಂಜಿನ್ ಸಂಶೋಧನೆಗೆ ರಾಷ್ಟ್ರೀಯ ಮಹತ್ವ ಇದೆ ಅಂದ್ರು. ಪಾಠ ಮಾಡೋದಕ್ಕೆ ಹುರುಳಿದೆ, ಆದ್ರೆ ರಾಷ್ಟ್ರೀಯ ಮಹತ್ವ ಇದೆ ಅಂತ ದಾಖಲೆ ತೋರಿಸ್ತಿಲ್ಲ ಅಂದ್ರು.

ಮೊದಲ ಸಲ ಓದಿದಾಗ ನನಗೆ ರಕ್ತ ಕುದೀತು. ರಾಕೆಟ್ಟು ದೇಶಕ್ಕೆ ಮುಖ್ಯ, ಕಪ್ಪು ಮಕ್ಕಳಿಗೆ ವಿಜ್ಞಾನ ಕಲಿಸೋದು ಮುಖ್ಯ ಅಲ್ವಾ? ಸಾವಿತ್ರಿಬಾಯಿ ಫುಲೆ ಅರ್ಜಿ ಹಾಕಿದ್ರೂ ಇದೇ ಷರಾ ಬರೀತಿದ್ರಾ? ಈ ಸಿಟ್ಟು ಈಗಲೂ ಇದೆ. ಇಟ್ಕೊಂಡೇ ಹೇಳ್ತೀನಿ, ಆ ಸಾಲಿನಲ್ಲಿ ನಮಗೆ ಬೇಕಾದ ಕೀಲಿಕೈ ಕೂಡ ಇದೆ. ಪಾಠ ಮಾಡೋದು ಕೀಳು ಅಂತ ಅವರು ಬರೆದಿಲ್ಲ. ಆ ಒಂದು ತರಗತಿಯ ಗೋಡೆ ದಾಟಿ, ವಿಜ್ಞಾನ ಶಿಕ್ಷಣಕ್ಕೇ ಇದರ ಪರಿಣಾಮ ತಟ್ಟುತ್ತೆ ಅನ್ನೋದಕ್ಕೆ ಕಾಗದ ಇಲ್ಲ ಅಂತ ಬರೆದಿದ್ದಾರೆ. ಅಂದ್ರೆ ಅಳತೆ ಮಾಡ್ತಿರೋದು ಆ ಒಂದು ಕೆಲಸ ಎಷ್ಟು ದೂರ ತಲುಪುತ್ತೆ ಅಂತ. ಕ್ಷೇತ್ರ ಎಷ್ಟು ದೊಡ್ಡದು, ಅರ್ಜಿದಾರ ಎಷ್ಟು ದೊಡ್ಡ ಮನುಷ್ಯ ಅಂತ ಅಲ್ಲ. ಅರ್ಜಿದಾರರ ಸಾಮರ್ಥ್ಯದ ವಿಚಾರ ಎರಡನೇ ಅಳತೆಯಲ್ಲಿ ಬರುತ್ತೆ. ಹುಟ್ಟಿದ ಕೇರಿ, ಪಿಯುಸಿ ಮಾರ್ಕ್ಸು, ಸಿಇಟಿ ರ‍್ಯಾಂಕು ಯಾವ ಅಳತೆಯಲ್ಲೂ ಬರಲ್ಲ.

ಇನ್ನೂ ಒಂದು ಮಾತಿದೆ ಆ ತೀರ್ಮಾನದಲ್ಲಿ. ರಾಷ್ಟ್ರೀಯ ಮಹತ್ವವನ್ನ ಬರೀ ಭೂಪಟದ ಲೆಕ್ಕದಲ್ಲಿ ನೋಡಬಾರದು. ಒಂದೇ ಪ್ರದೇಶಕ್ಕೆ ಸೇರಿದ ಕೆಲಸಕ್ಕೂ ರಾಷ್ಟ್ರೀಯ ಮಹತ್ವ ಇರಬಹುದು. ಅದರಲ್ಲೂ ಆರ್ಥಿಕವಾಗಿ ಸೊರಗಿದ ಪ್ರದೇಶದಲ್ಲಿ ಉದ್ಯೋಗ ಹುಟ್ಟಿಸೋ, ಬದುಕು ಸುಧಾರಿಸೋ ಕೆಲಸ ಆದ್ರೆ ಅದನ್ನ ಪರಿಗಣಿಸಬಹುದು. ಇದು ಯಾರಿಗೆ ಬೇಕಾದ ಸಾಲು? ಬಡವರ ನಡುವೆ ಕೆಲಸ ಮಾಡೋರಿಗೆ. ಅಂದ್ರೆ ನಮ್ಮವರಿಗೆ. ಫಾರ್ವರ್ಡಿನಲ್ಲಿ ಈ ಸಾಲು ಯಾಕೆ ಇರಲಿಲ್ಲ?

ಈಗ ನಮ್ಮ ಹುಡುಗಿ ವಿಷಯ. ಹೆಸರು ಹೇಳಲ್ಲ, ಊರೂ ಹೇಳಲ್ಲ. ಅವಳ ಅಪ್ಪ ಪೌರಕಾರ್ಮಿಕರು. ಅವಳು ಪರಿಸರ ಎಂಜಿನಿಯರಿಂಗ್‌ನಲ್ಲಿ ಎಂಎಸ್ ಮಾಡಿ, ಅಲ್ಲೇ ಕೊಳಚೆ ನೀರಿನ ವಿಷಯದಲ್ಲಿ ಕೆಲಸ ಮಾಡ್ತಾಳೆ. ಅಲಬಾಮಾ ರಾಜ್ಯದ ಲೌಂಡ್ಸ್ ಕೌಂಟಿ ಮತ್ತು ಅದರ ಸುತ್ತಮುತ್ತಲ ಹಳ್ಳಿಗಳಂಥ ಜಾಗಕ್ಕೆ ಹೊಂದೋ ಸಣ್ಣ, ಅಗ್ಗದ ಕೊಳಚೆ ಸಂಸ್ಕರಣಾ ವ್ಯವಸ್ಥೆ ರೂಪಿಸೋದು ಅವಳ ಕೆಲಸ.

ಈ ಲೌಂಡ್ಸ್ ಬಗ್ಗೆ ಸ್ವಲ್ಪ ಹೇಳಬೇಕು. ಹೆಚ್ಚಿನವರು ಕಪ್ಪು ಜನ, ಬಡವರು. ಮಣ್ಣು ಜೇಡಿ, ನೀರು ಇಂಗಲ್ಲ. ಮಾಮೂಲಿ ಸೆಪ್ಟಿಕ್ ಟ್ಯಾಂಕು ಅಲ್ಲಿ ಕೆಲಸ ಮಾಡಲ್ಲ. ಆ ಮಣ್ಣಿಗೆ ಹೊಂದೋ ವ್ಯವಸ್ಥೆ ಹಾಕಿಸೋಕೆ ಹತ್ತಾರು ಸಾವಿರ ಡಾಲರ್ ಬೇಕು. ದುಡ್ಡಿಲ್ಲದೋರು ಏನ್ ಮಾಡ್ತಾರೆ? ಮನೆಯಿಂದ ಒಂದು ಪೈಪು ಎಳೆದು ಹಿತ್ತಲಿಗೆ ಬಿಡ್ತಾರೆ. ಜಗತ್ತಿನ ಅತಿ ಶ್ರೀಮಂತ ದೇಶದಲ್ಲಿ ಮಕ್ಕಳು ಆಡೋ ಅಂಗಳದಲ್ಲಿ ಮಲದ ನೀರು ನಿಂತಿರುತ್ತೆ. ಇದಕ್ಕೆ ಪರಿಹಾರ ಕೊಡೋದು ಬಿಟ್ಟು ಒಂದು ಕಾಲದಲ್ಲಿ ಆ ಬಡವರ ಮೇಲೇ ಕೇಸು ಹಾಕಿ ಬಂಧನದ ಬೆದರಿಕೆ ಹಾಕಿದ್ರು. 2017ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನ ಅಲ್ಲಿನವರಲ್ಲಿ ಕೊಕ್ಕೆಹುಳದ ಸೋಂಕಿನ ಕುರುಹು ಕಂಡಿತು ಅಂದಾಗ ಜಗತ್ತು ಆ ಕಡೆ ತಿರುಗಿ ನೋಡ್ತು. ಅಲ್ಲೇ ಬೆಳೆದ ಕ್ಯಾಥರೀನ್ ಕೋಲ್ಮನ್ ಫ್ಲವರ್ಸ್ ಅನ್ನೋ ಹೆಣ್ಣುಮಗಳು ವರ್ಷಾನುಗಟ್ಟಲೆ ಇದನ್ನೇ ಕೂಗಿ ಕೂಗಿ ಹೇಳಿದ್ರು. 2020ರಲ್ಲಿ ಅವರಿಗೆ ಮ್ಯಾಕ್‌ಆರ್ಥರ್ ಫೆಲೋಶಿಪ್ ಬಂತು. ಓದುವಾಗ ನನಗೆ ನಮ್ಮ ಕೆಜಿಎಫ್‌ನ ಬೆಜವಾಡ ವಿಲ್ಸನ್ ನೆನಪಾದ್ರು. ಮಲ ಹೊರೋರ ಮನೆಯಲ್ಲಿ ಹುಟ್ಟಿ, ಅದರ ವಿರುದ್ಧ ಬದುಕನ್ನೇ ಇಟ್ಟು, 2016ರಲ್ಲಿ ಮ್ಯಾಗ್ಸೆಸೆ ಪಡೆದೋರು. ಬಿ. ಬಸವಲಿಂಗಪ್ಪನವರೂ ನೆನಪಾದ್ರು. ಎಪ್ಪತ್ತರ ದಶಕದಲ್ಲಿ ಮಂತ್ರಿಯಾಗಿ ತಲೆ ಮೇಲೆ ಮಲ ಹೊರೋದನ್ನ ನಿಷೇಧಿಸಿದವರು. ಮಲದ ವಿಷಯ ದೇಶದ ವಿಷಯ ಅಂತ ನಮ್ಮವರು ಯಾವತ್ತೋ ಹೇಳಿಯಾಗಿದೆ.

ಇಂಥಾ ಕೆಲಸ ಮಾಡೋ ಹುಡುಗಿ ನನಗೆ ಫೋನ್ ಮಾಡಿ ಕೇಳಿದ್ದೇನು ಗೊತ್ತಾ? "ಅಣ್ಣ, ನಾನು ಮಾಡೋದು ಬರೀ ಮೋರಿ ಕೆಲಸ. ಅಪ್ಪ ಇಲ್ಲಿ ಮಾಡ್ತಾರೆ, ನಾನು ಅಲ್ಲಿ ಮಾಡ್ತೀನಿ. ಇದನ್ನ ದೇಶಕ್ಕೆ ಮುಖ್ಯ ಅಂತ ಹೆಂಗಣ್ಣ ಬರೀಲಿ? ನಗಲ್ವಾ?"

ಅವಳು ಕೇಳೋದಕ್ಕೆ ಮುಂಚೆ ಒಬ್ಬ ಕನ್ಸಲ್ಟೆಂಟ್, ನಮ್ಮ ಕಡೆಯವರೇ, ಅವಳ ಪ್ರೊಫೈಲ್ ನೋಡಿ ನಕ್ಕಿದ್ದರಂತೆ. "ಸೀವೇಜಾ? ಡೇಟಾ ಸೈನ್ಸ್ ಅಂತ ಏನಾದ್ರೂ ಸೇರಿಸೋಣ ಬಿಡಿ, ನಾಲ್ಕು ಪೇಪರ್ ಪಬ್ಲಿಶ್ ಮಾಡಿಸಿ ಕೊಡ್ತೀವಿ, ಒಂದು ಅವಾರ್ಡೂ ಕೊಡಿಸ್ತೀವಿ" ಅಂತ ಪ್ಯಾಕೇಜ್ ದರ ಹೇಳಿದ್ರಂತೆ. ನೋಡಿ, ಇವರೇ ಮೆರಿಟ್ ಕಾಯೋರು! ದುಡ್ಡು ಕೊಟ್ಟರೆ ಪ್ರಶಸ್ತಿ, ದುಡ್ಡು ಕೊಟ್ಟರೆ ಸಂಶೋಧನೆ. ಆಕೆ ಒಪ್ಪಲಿಲ್ಲ. ಒಳ್ಳೇದಾಯ್ತು. ಸುಳ್ಳು ಲಗತ್ತು ಇಟ್ಟ ಕಡತ ಯಾವತ್ತಿದ್ದರೂ ಕುತ್ತಿಗೆಗೆ ಬರುತ್ತೆ, ಯಾವ ದೇಶದಲ್ಲಾದರೂ.

ಅವಳು ನಿಯತ್ತಾಗಿ ಬರೆದು ಹಾಕಿದಳು. ಆಕ್ಷೇಪಣೆ ಬಂತು. ಅಲ್ಲಿ ಅದಕ್ಕೆ ಆರ್‌ಎಫ್‌ಇ ಅಂತಾರೆ, ಹೆಚ್ಚಿನ ಪುರಾವೆ ಕೇಳೋ ಪತ್ರ. ಅದರ ಸಾರಾಂಶ ಇಷ್ಟು: ಈ ಕೆಲಸದಿಂದ ಕೆಲವು ಕೌಂಟಿಗಳಿಗೆ, ನೀವು ದುಡಿಯೋ ಸಂಸ್ಥೆಗೆ ಉಪಯೋಗ ಆಗಬಹುದು, ಅದರಾಚೆ ಏನು?

ಅವಳು ಕುಸಿದು ಹೋದಳು. ನನಗೆ ಅದು ಮಾಮೂಲಿ ಆಕ್ಷೇಪಣೆ ಥರಾನೇ ಕಾಣ್ತು. ಆಕ್ಷೇಪಣೆ ಬಂದ್ರೆ ಕಡತ ಸತ್ತಿಲ್ಲ ಅಂತಲೇ ಅರ್ಥ. ಮೇಲಿನವರು ಏನು ಕೇಳಿದ್ದಾರೋ ಅದಕ್ಕೆ ಸಾಲು ಸಾಲಾಗಿ ಉತ್ತರ, ಪ್ರತಿ ಸಾಲಿಗೂ ಒಂದು ಲಗತ್ತು. ಅವಳು ಮತ್ತೆ ಕಟ್ಟಿದ್ದು ಹೀಗೆ. ಇದನ್ನ ವಿವರವಾಗಿ ಬರೀತೀನಿ, ಬೇರೆಯವರಿಗೂ ದಾರಿ ಸಿಗಲಿ.

ಮೊದಲು ಕೆಲಸ ಏನು ಅಂತ ಖಚಿತ ಮಾಡಿದಳು. ಹಿಂದಿನ ಅರ್ಜಿಯಲ್ಲಿ 'ಕೊಳಚೆ ನೀರಿನ ಕ್ಷೇತ್ರದಲ್ಲಿ ಕೆಲಸ ಮುಂದುವರಿಸ್ತೀನಿ' ಅಂತಿತ್ತು. ಅದು ಉದ್ಯೋಗದ ವಿವರಣೆ ಆಯ್ತು. ಈಗ, ನೀರು ಇಂಗದ ಜೇಡಿ ಮಣ್ಣಿಗೆ ಹೊಂದೋ, ಊರಿನವರೇ ನಿಭಾಯಿಸಬಹುದಾದ ಸಣ್ಣ ಸಂಸ್ಕರಣಾ ವ್ಯವಸ್ಥೆಯ ವಿನ್ಯಾಸ ಮಾಡ್ತೀನಿ, ಅದರ ನಕ್ಷೆ, ಖರ್ಚಿನ ಲೆಕ್ಕ, ನಿರ್ವಹಣೆಯ ಕೈಪಿಡಿ ಎಲ್ಲಾ ಯಾವ ಕೌಂಟಿ ಬೇಕಾದ್ರೂ ಬಳಸೋ ಹಾಗೆ ಮುಕ್ತವಾಗಿ ಕೊಡ್ತೀನಿ ಅಂತ ಬರೆದಳು. ಈ 'ಮುಕ್ತವಾಗಿ' ಅನ್ನೋದು ಮುಖ್ಯ. ಕೆಲಸ ಕಂಪನಿಯ ಗೇಟು ದಾಟೋದು ಅಲ್ಲಿಂದಲೇ.

ಆಮೇಲೆ ಸಮಸ್ಯೆ ಎಷ್ಟು ಅಗಲ ಅಂತ ತೋರಿಸಿದಳು. ಅಮೆರಿಕಾದಲ್ಲಿ ಐದರಲ್ಲಿ ಒಂದಕ್ಕಿಂತ ಹೆಚ್ಚು ಮನೆಗಳು ಊರಿನ ದೊಡ್ಡ ಚರಂಡಿಗೆ ಸೇರದೆ ಸೆಪ್ಟಿಕ್ ಟ್ಯಾಂಕಿನಂಥ ವ್ಯವಸ್ಥೆ ಮೇಲೆ ನಿಂತಿವೆ ಅಂತ ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆಯೇ ಹೇಳುತ್ತೆ. ಜೇಡಿ ಮಣ್ಣಿನ ಪಟ್ಟಿ ಅಲಬಾಮಾದಲ್ಲೇ ನಿಲ್ಲಲ್ಲ, ಮಿಸಿಸಿಪ್ಪಿಗೂ ಹೋಗುತ್ತೆ.

ಮೂರನೇದು, ಸರ್ಕಾರವೇ ಇದನ್ನ ಮುಖ್ಯ ಅಂದಿದ್ಯಾ? ಅಂದಿದೆ. 2021ರ ಮೂಲಸೌಕರ್ಯ ಕಾಯ್ದೆಯಲ್ಲಿ ಕುಡಿಯೋ ನೀರು, ಕೊಳಚೆ ನೀರಿಗೆ ಭಾರಿ ಹಣ ಇಟ್ಟಿದ್ದಾರೆ. 2022ರಲ್ಲಿ ಪರಿಸರ ಸಂಸ್ಥೆ ಮತ್ತು ಕೃಷಿ ಇಲಾಖೆ ಸೇರಿ, ಚರಂಡಿ ವ್ಯವಸ್ಥೆ ಇಲ್ಲದ ಬಡ ಊರುಗಳಿಗೋಸ್ಕರ ಒಂದು ಕಾರ್ಯಕ್ರಮ ಶುರು ಮಾಡಿದ್ದು ಇದೇ ಲೌಂಡ್ಸ್‌ನಲ್ಲಿ ನಿಂತು. ಆದ್ರೆ ಇದೊಂದೇ ಸಾಲದು. ಕ್ಷೇತ್ರ ಮುಖ್ಯ ಅಂತ ಎಷ್ಟು ಕಾಗದ ಇಟ್ಟರೂ 'ಸರಿ, ಅದರಲ್ಲಿ ನಿನ್ನ ಕೆಲಸದ ಪಾತ್ರ ಏನು' ಅನ್ನೋ ಪ್ರಶ್ನೆ ಹಾಗೇ ಉಳಿಯುತ್ತೆ.

ಅದಕ್ಕೆ ನಾಲ್ಕನೇದು. ಅವಳ ಸಂಸ್ಥೆಗೆ ಸಂಬಂಧವೇ ಇಲ್ಲದ ಎರಡು ಕಡೆಯವರು ಅವಳ ವಿನ್ಯಾಸ ಕೇಳಿ ತರಿಸ್ಕೊಂಡಿದ್ರು. ಬರೀ ಇ-ಮೇಲಿನಲ್ಲಿ ಬಿದ್ದಿತ್ತು. ಅವಳಿಗೆ ಅದು ದೊಡ್ಡ ವಿಷಯ ಅಂತಲೇ ಅನ್ನಿಸಿರಲಿಲ್ಲ! ಕಡತದಲ್ಲಿ ಅದೇ ಚಿನ್ನ. ಅವರಿಂದ ಪತ್ರ ಬರೆಸಿದಳು: ಯಾವಾಗ ತಗೊಂಡ್ವಿ, ಎಲ್ಲಿ ಬಳಸ್ತಿದ್ದೀವಿ, ಖರ್ಚು ಎಷ್ಟು ಕಡಿಮೆ ಆಯ್ತು ಅಂತ.

ಒಪ್ಪಿಗೆ ಬಂತು ಬಂಧುಗಳೇ. ಪೌರಕಾರ್ಮಿಕರ ಮಗಳ ಮೋರಿ ಕೆಲಸಕ್ಕೆ ರಾಷ್ಟ್ರೀಯ ಮಹತ್ವ ಇದೆ ಅಂತ ಅಮೆರಿಕಾದ ಸರ್ಕಾರ ಕಾಗದದ ಮೇಲೆ ಒಪ್ಕೊಂಡಿದೆ. ನಮ್ಮ ಊರಿನ ಪುರಸಭೆ ಅವಳ ಅಪ್ಪನಿಗೆ ಇವತ್ತಿಗೂ ನೆಟ್ಟಗೆ ಗ್ಲೌಸ್ ಕೊಟ್ಟಿಲ್ಲ.

ಈಗ ಪತ್ರಗಳ ವಿಚಾರ. ಇಲ್ಲೇ ಜಾತಿ ಒಳಗೆ ನುಗ್ಗೋದು. ಕಾನೂನಿನಲ್ಲಿ ಜಾತಿ ಇಲ್ಲ ನಿಜ. ಆದ್ರೆ ಅರ್ಜಿ ಜೊತೆ ತಜ್ಞರ ಶಿಫಾರಸು ಪತ್ರ ಇಡೋದು ರೂಢಿ. ಪತ್ರ ಯಾರು ಕೊಡ್ತಾರೆ? ಮೇಲುಜಾತಿ ಹುಡುಗನಿಗೆ ಮಾವ ಪ್ರೊಫೆಸರ್, ಮಾವನ ಸ್ನೇಹಿತ ಡೈರೆಕ್ಟರ್, ಅಪ್ಪನ ಕ್ಲಾಸ್‌ಮೇಟ್ ಕಂಪನಿ ಉಪಾಧ್ಯಕ್ಷ. ಒಂದು ವಾರಕ್ಕೆ ಆರು ಪತ್ರ ಬರುತ್ತೆ. ನಮ್ಮ ಮಕ್ಕಳು ಅಲ್ಲಿನ ಭಾರತೀಯ ಹಿರಿಯರ ಹತ್ತಿರ ಪತ್ರ ಕೇಳೋಕೆ ಹೋದ್ರೆ ಮೊದಲ ಪ್ರಶ್ನೆ "ನಿಮ್ದು ಯಾವ ಊರು", ಎರಡನೇದು "ಅಪ್ಪ ಏನ್ ಮಾಡ್ತಾರೆ", ಮೂರನೇದು "ನಿಮ್ಮಲ್ಲಿ ನಾನ್‌ವೆಜ್ ತಿಂತಾರಾ". ಆಮೇಲೆ ಪತ್ರ ಬರಲ್ಲ, ಸುದ್ದಿ ಹರಡುತ್ತೆ. ಇದನ್ನ ಅನುಭವಿಸಿದ ಮಕ್ಕಳು ಒಬ್ಬಿಬ್ಬರಲ್ಲ, ಎಷ್ಟೋ ಜನ ನನಗೆ ಹೇಳ್ಕೊಂಡಿದ್ದಾರೆ. ಅಲ್ಲಿ ಜಾತಿ ಇಲ್ಲ ಅನ್ನೋರು 2020ರಲ್ಲಿ ಕ್ಯಾಲಿಫೋರ್ನಿಯಾದ ಸರ್ಕಾರಿ ಇಲಾಖೆಯೇ ಒಂದು ದೊಡ್ಡ ಟೆಕ್ ಕಂಪನಿ ಮೇಲೆ ಜಾತಿ ತಾರತಮ್ಯದ ದಾವೆ ಹಾಕಿದ್ದು ಯಾಕೆ, 2023ರಲ್ಲಿ ಸಿಯಾಟಲ್ ನಗರ ಜಾತಿ ತಾರತಮ್ಯವನ್ನ ನಿಷೇಧಿಸಿದ್ದು ಯಾಕೆ ಅಂತ ಹೇಳಲಿ.

ಎಚ್-1ಬಿ ಮೇಲಿರೋ ಮಕ್ಕಳ ಕಷ್ಟ ಇನ್ನೊಂದು. ಕೆಲಸ ಹೋದ್ರೆ ಹೆಚ್ಚೆಂದ್ರೆ 60 ದಿನದ ಕಾಲಾವಕಾಶ. ಅಷ್ಟರೊಳಗೆ ಬೇರೆ ಕೆಲಸ ಸಿಗಬೇಕು, ಇಲ್ಲಾ ಗಂಟುಮೂಟೆ ಕಟ್ಟಬೇಕು. ಮ್ಯಾನೇಜರ್ ಜಾತಿ ಹಿಡಿದು ಚುಚ್ಚಿದ್ರೂ ಬಾಯಿ ಬಿಡೋ ಹಾಗಿಲ್ಲ. ಗ್ರೀನ್ ಕಾರ್ಡ್ ಅರ್ಜಿಯೂ ಅದೇ ಕಂಪನಿಯ ಕೈಯಲ್ಲಿ. ಅದಕ್ಕೇ ಹೇಳ್ತಿರೋದು, ತಾವೇ ಹಾಕ್ಕೊಳ್ಳೋ ಈ ಅರ್ಜಿ ನಮ್ಮವರಿಗೆ ಎಲ್ಲರಿಗಿಂತ ಹೆಚ್ಚು ಮುಖ್ಯ. ಇದನ್ನ ಯಾವ ಮ್ಯಾನೇಜರೂ ವಾಪಸ್ ತಗೊಳ್ಳೋಕಾಗಲ್ಲ.

ಪತ್ರಕ್ಕೆ ದೊಡ್ಡ ಹೆಸರೇ ಬೇಕು ಅಂತಿಲ್ಲ. "ಬಹಳ ಪ್ರತಿಭಾವಂತೆ, ಬಹಳ ಶ್ರಮಜೀವಿ" ಅಂತ ಹೊಗಳೋ ಪತ್ರ ಹತ್ತು ಇಟ್ಟರೂ ಸೊನ್ನೆಯೇ. ನಿಮ್ಮ ಕೆಲಸವನ್ನ ಎಲ್ಲಿ ಬಳಸಿದ್ರು, ಏನು ಬದಲಾಯ್ತು ಅಂತ ಹೇಳೋ ಒಂದು ಪತ್ರ, ಅದರ ಹಿಂದೆ ಒಂದು ದಾಖಲೆ, ಅಷ್ಟು ಇದ್ರೆ ತೂಕ ಬರುತ್ತೆ. ನಿಮ್ಮ ಗುರುಗಳಲ್ಲದವರು, ನಿಮ್ಮ ಜೊತೆ ಕೆಲಸ ಮಾಡದವರು ಬರೆದಿದ್ರೆ ಇನ್ನೂ ಒಳ್ಳೇದು. ನಮ್ಮ ಹುಡುಗಿಗೆ ಬಂದ ಪತ್ರಗಳಲ್ಲಿ ಒಂದೂ ಭಾರತೀಯರದ್ದಲ್ಲ. ಇದು ಹೆಮ್ಮೆಯ ವಿಷಯವೋ ನಾಚಿಕೆಯ ವಿಷಯವೋ ನೀವೇ ತೀರ್ಮಾನಿಸಿ.

ಮೆರಿಟ್ ಪಂಡಿತರಿಗೆ ಈಗ ಸ್ವಲ್ಪ ಇತಿಹಾಸ. ಅಮೆರಿಕಾದಲ್ಲಿ ನೆಲೆ ನಿಲ್ಲೋಕೆ ಒಂದು ಕಾಲದಲ್ಲಿ ನಿಮ್ಮವರು ಕೊಟ್ಟ ಪುರಾವೆ ಏನು ಗೊತ್ತಾ? ಭಗತ್ ಸಿಂಗ್ ಥಿಂಡ್ ಅಂತ ಒಬ್ಬರು. ಪಂಜಾಬಿನಿಂದ ಹೋಗಿ, ಮೊದಲ ಮಹಾಯುದ್ಧದ ಹೊತ್ತಲ್ಲಿ ಅಮೆರಿಕಾದ ಸೈನ್ಯದಲ್ಲಿ ದುಡಿದವರು. ಆಗ ಬಿಳಿಯರಿಗೆ ಮತ್ತು ಆಫ್ರಿಕಾ ಮೂಲದವರಿಗೆ ಮಾತ್ರ ಪೌರತ್ವ. ಅವರ ಪರವಾಗಿ ಕೋರ್ಟಿನಲ್ಲಿ ಮಂಡಿಸಿದ ವಾದ, ನಾನು ಮೇಲುಜಾತಿಯವನು, ಆರ್ಯ ರಕ್ತದವನು, ಹಾಗಾಗಿ ಬಿಳಿಯನೇ ಅಂತ. ಅಷ್ಟಕ್ಕೇ ನಿಲ್ಲಲಿಲ್ಲ. ನೀವು ಕಪ್ಪು ಜನರನ್ನ ಹೇಗೆ ಕಾಣ್ತೀರೋ ನಮ್ಮ ಮೇಲುಜಾತಿಯವರೂ ಅಲ್ಲಿನ ಮೂಲನಿವಾಸಿಗಳನ್ನ ಹಾಗೇ ಕಾಣ್ತಾರೆ, ಅವರ ಜೊತೆ ಮದುವೆ ಸಂಬಂಧ ಬೆಳೆಸಲ್ಲ ಅನ್ನೋದನ್ನೂ ವಾದದಲ್ಲಿ ಸೇರಿಸಿದ್ರು. ಜಾತಿಯೇ ಪುರಾವೆ! 1923ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನ ತಳ್ಳಿಹಾಕ್ತು. ಆಗಲೇ ಪೌರತ್ವ ಸಿಕ್ಕಿದ್ದ ಎಷ್ಟೋ ಭಾರತೀಯರು ಅದನ್ನೂ ಕಳ್ಕೊಂಡ್ರು.

1946ರಲ್ಲಿ ಬಾಗಿಲು ಸ್ವಲ್ಪ ತೆರೀತು, ವರ್ಷಕ್ಕೆ 100 ಜನ. ನಿಜವಾಗಿ ತೆರೆದಿದ್ದು 1965ರಲ್ಲಿ, ಹುಟ್ಟಿದ ದೇಶ ನೋಡಿ ಬಿಳಿಯರಿಗೆ ಪಾಲು ಹೆಚ್ಚು ಕೊಡ್ತಿದ್ದ ಹಳೇ ಕೋಟಾ ರದ್ದಾದಾಗ. ಅದು ಆಕಾಶದಿಂದ ಬಿದ್ದ ಕಾನೂನಲ್ಲ. ಕಪ್ಪು ಜನರ ನಾಗರಿಕ ಹಕ್ಕುಗಳ ಹೋರಾಟ ದೇಶವನ್ನ ಅಲ್ಲಾಡಿಸಿದ ಕಾಲ. ಅದೇ 1965ರ ಮಾರ್ಚಿನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಜೊತೆ ಸೆಲ್ಮಾದಿಂದ ಮಾಂಟ್‌ಗೊಮೆರಿಗೆ ಜನ ನಡೆದ್ರಲ್ಲ, ಆ ರಸ್ತೆ ಹಾದು ಹೋಗೋದು ಲೌಂಡ್ಸ್ ಕೌಂಟಿಯ ಮೇಲೇ. ಯಾರ ಕಾಲ್ನಡಿಗೆಯಿಂದ ಬಾಗಿಲು ತೆರೀತೋ ಅವರ ಹಿತ್ತಲಲ್ಲಿ ಇವತ್ತೂ ಮಲದ ನೀರಿದೆ. ಬಾಗಿಲೊಳಗೆ ಹೋದ ನಮ್ಮ ಮೆರಿಟ್‌ವಂತರು 'ಮೋರಿಗೆ ಮಹತ್ವ ಇಲ್ಲ' ಅಂತ ನಗ್ತಾರೆ. ಬಾಬಾಸಾಹೇಬರು 1946ರಲ್ಲೇ ಡುಬಾಯ್ಸ್ ಅವರಿಗೆ ಪತ್ರ ಬರೆದು ಆ ಜನರ ನೋವನ್ನ ನಮ್ಮ ನೋವಿನ ಜೊತೆ ಇಟ್ಟು ನೋಡಿದ್ರು. ನಮಗೆ ಆ ಪರಂಪರೆ ಇದೆ. ನಿಮಗೆ ಥಿಂಡ್ ವಾದದ ಪರಂಪರೆ ಇದೆ.

ಇನ್ನೊಂದು ತಮಾಷೆ. ವೇವರ್ ಪಾಸಾದ್ರೂ ಭಾರತೀಯರಿಗೆ ತಕ್ಷಣ ಗ್ರೀನ್ ಕಾರ್ಡ್ ಬರಲ್ಲ. ಯಾವ ದೇಶಕ್ಕೂ ಶೇ. 7ಕ್ಕಿಂತ ಹೆಚ್ಚು ಪಾಲಿಲ್ಲ ಅಂತ ಮಿತಿ ಇದೆ. 2025ರ ಮಧ್ಯದಲ್ಲಿ ಭಾರತದ ಇಬಿ-2 ಸರದಿ ಇನ್ನೂ 2013ರ ಆರಂಭದ ಅರ್ಜಿಗಳಲ್ಲೇ ನಿಂತಿತ್ತು. ಸರದಿ ಲೆಕ್ಕ ಹಾಕೋದು ಹುಟ್ಟಿದ ದೇಶದ ಮೇಲೆ. ಪೌರತ್ವ ಬದಲಾಯಿಸಿದ್ರೂ ಸಾಲು ಬದಲಾಗಲ್ಲ. ಇದರ ವಿರುದ್ಧ ಅಲ್ಲಿನ ನಮ್ಮವರು ಹೇಳೋ ಮಾತೇನು? "ಹುಟ್ಟು ನಮ್ಮ ಕೈಯಲ್ಲಿತ್ತಾ? ಹುಟ್ಟಿದ ಜಾಗ ನೋಡಿ ಸಾಲಿನ ಕೊನೆಗೆ ನಿಲ್ಲಿಸೋದು ಅನ್ಯಾಯ." ಸತ್ಯವಾದ ಮಾತು! ಅನ್ಯಾಯವೇ. ಹನ್ನೆರಡು ವರ್ಷ ಸಾಲಲ್ಲಿ ನಿಂತ ಮೇಲೆ ಹೊಳೆದಿದೆ. ನಾವು ಎಷ್ಟು ಸಾವಿರ ವರ್ಷ ನಿಂತ್ವಿ ಅಂತ ಈಗಲಾದ್ರೂ ಲೆಕ್ಕ ಹಾಕ್ತಾರಾ?

ನಮ್ಮೊಳಗಿಂದಲೂ ಒಂದು ಪ್ರಶ್ನೆ ಬಂದಿದೆ. ಒಬ್ಬ ಹಿರಿಯ ಸಂಗಾತಿ ಕೇಳಿದ್ರು, "ನಮ್ಮ ಮಕ್ಕಳು ಅಮೆರಿಕಾದ ಮೋರಿ ಯಾಕೆ ಸರಿಮಾಡಬೇಕು? ಬಾಬಾಸಾಹೇಬರು ಓದಿ ವಾಪಸ್ ಬರಲಿಲ್ವಾ?" ಬಂದ್ರು. ಬಂದು ಬರೋಡಾದಲ್ಲಿ ಇರೋಕೆ ಒಂದು ಮನೆ ಸಿಗಲಿಲ್ಲ ಅನ್ನೋದನ್ನೂ ನೆನಪಿಡಬೇಕು ಸಾರ್. ಬರೋದೂ ಅವರ ಆಯ್ಕೆ, ಇರೋದೂ ಅವರ ಆಯ್ಕೆ. ಆಯ್ಕೆ ಅನ್ನೋದೇ ನಮ್ಮ ಅಜ್ಜ ಅಜ್ಜಿಗೆ ಇರಲಿಲ್ಲ. ಮೇಲುಜಾತಿ ಮಕ್ಕಳು ಹೋದಾಗ ಯಾರೂ ಕೇಳದ ದೇಶಭಕ್ತಿಯ ಲೆಕ್ಕವನ್ನ ನಮ್ಮ ಮಕ್ಕಳಿಂದ ಮಾತ್ರ ಕೇಳೋದು ಬೇಡ. ನಮ್ಮ ದೇಶ ತಾನೇ ಏನ್ ಮಾಡ್ತಿದೆ? ವಿದೇಶದಲ್ಲಿ ಓದೋ ಪರಿಶಿಷ್ಟ ಜಾತಿ ಮಕ್ಕಳಿಗೆ ಕೇಂದ್ರ ಕೊಡೋ ಸ್ಕಾಲರ್‌ಶಿಪ್ಪಿನಲ್ಲಿ, ಭಾರತದ ಸಂಸ್ಕೃತಿ, ಇತಿಹಾಸ, ಸಮಾಜ ಅಧ್ಯಯನದ ವಿಷಯಗಳನ್ನ 2022ರಲ್ಲಿ ತೆಗೆದುಹಾಕಿದ್ರು. ಅಂದ್ರೆ ಜಾತಿ ಬಗ್ಗೆ ಹೊರಗೆ ಹೋಗಿ ಓದೋಕೆ ದುಡ್ಡಿಲ್ಲ. ಯಾವುದು ದೇಶಕ್ಕೆ ಮುಖ್ಯ ಅಂತ ತೀರ್ಮಾನಿಸೋ ಕುರ್ಚಿ ಇಲ್ಲೂ ನಮ್ಮ ಕೈಲಿಲ್ಲ.

ಅಲ್ಲೂ ಆ ಕುರ್ಚಿ ಸ್ಥಿರ ಅಲ್ಲ ಅನ್ನೋದನ್ನ ಮಕ್ಕಳು ತಿಳ್ಕೋಬೇಕು. ಲೌಂಡ್ಸ್ ವಿಷಯದಲ್ಲಿ 2023ರಲ್ಲಿ ಅಲ್ಲಿನ ನ್ಯಾಯ ಇಲಾಖೆ ಅಲಬಾಮಾದ ಆರೋಗ್ಯ ಇಲಾಖೆ ಜೊತೆ ಒಂದು ಒಪ್ಪಂದ ಮಾಡಿಸಿತ್ತು. 2025ರ ಏಪ್ರಿಲಿನಲ್ಲಿ ಹೊಸ ಸರ್ಕಾರ, ಇದು ವೈವಿಧ್ಯ, ಸಮಾನತೆ ಹೆಸರಿನ ರಾಜಕೀಯ ಅಂತ ಹೇಳಿ ಅದನ್ನ ಕೈಬಿಡ್ತು. ಹಾಗಾಗಿ ಒಂದು ಸರ್ಕಾರದ ಘೋಷಣೆಯನ್ನೇ ನಂಬಿ ಅರ್ಜಿ ಕಟ್ಟಬೇಡಿ. ರೋಗ, ನೀರು, ಖರ್ಚು, ಎಷ್ಟು ಮನೆ, ಎಷ್ಟು ರಾಜ್ಯ, ಈ ಲೆಕ್ಕದ ಮೇಲೆ ಕಟ್ಟಿ. ಸರ್ಕಾರ ಬದಲಾದ ಮಾತ್ರಕ್ಕೆ ಅಂಗಳದ ಮೋರಿ ನೀರು ಇಂಗಿ ಹೋಗಲ್ಲ.

ಕೊನೇದಾಗಿ ಮೂರು ಮಾತು.

ಹೊರಗಿರೋ ನಮ್ಮ ಮಕ್ಕಳಿಗೆ: ನಾನು ವಕೀಲ ಅಲ್ಲ. ಅರ್ಜಿ ಹಾಕೋ ಮುಂಚೆ ಒಳ್ಳೆ ವಲಸೆ ವಕೀಲರನ್ನ ಕೇಳಿ. ಪೇಪರ್, ಅವಾರ್ಡ್ ಮಾರೋರ ಹತ್ತಿರ ಹೋಗಬೇಡಿ. ಮುಖ್ಯವಾಗಿ, ನಿಮ್ಮ ಕೆಲಸದ ಬಗ್ಗೆ ಬರೆಯುವಾಗ ತಲೆ ತಗ್ಗಿಸಬೇಡಿ. ಕಣ್ಣಿಗೆ ಬೀಳದ ಹಾಗೆ ಬದುಕೋದನ್ನ ನಮಗೆ ಹುಟ್ಟಿನಿಂದ ಕಲಿಸಿದ್ದಾರೆ. ಸರ್‌ನೇಮ್ ಮುಚ್ಚಿಡು, ಊರು ಮುಚ್ಚಿಡು, ಸಾಧನೆಯನ್ನೂ ಮುಚ್ಚಿಡು ಅಂತ. ಅರ್ಜಿಯಲ್ಲಿ 'ನಮ್ಮ ತಂಡ ಮಾಡ್ತು' ಅಂತ ಬರೆದು ನಿಮ್ಮನ್ನ ನೀವೇ ಅಳಿಸ್ಕೋಬೇಡಿ. ನೀವು ಮಾಡಿದ್ದನ್ನ 'ನಾನು ಮಾಡಿದೆ' ಅಂತ ಬರೀರಿ. ಬಂದ ಪ್ರತಿ ಇ-ಮೇಲ್, ಪ್ರತಿ ಥ್ಯಾಂಕ್ಸ್ ಇವತ್ತಿನಿಂದಲೇ ಫೈಲ್ ಮಾಡಿಡಿ.

ಅಲ್ಲಿ ನೆಲೆ ನಿಂತಿರೋ ನಮ್ಮ ಹಿರಿಯರಿಗೆ: ಏಪ್ರಿಲ್ 14ಕ್ಕೆ ಕೇಕ್ ಕತ್ತರಿಸಿ ಫೋಟೋ ಹಾಕೋದರ ಜೊತೆಗೆ ವರ್ಷಕ್ಕೆ ಇಬ್ಬರು ಮಕ್ಕಳ ಕೆಲಸ ಓದಿ, ಯೋಗ್ಯ ಅನ್ನಿಸಿದ್ರೆ ಪತ್ರ ಬರೆದು ಕೊಡಿ. ನಿಮ್ಮ ಒಪ್ಪಿಗೆಯಾದ ಅರ್ಜಿಯ ಪ್ರತಿಯನ್ನ, ಖಾಸಗಿ ವಿವರ ಅಳಿಸಿ, ಹಿಂದೆ ಬರೋರಿಗೆ ಓದೋಕೆ ಕೊಡಿ. ಮೇಲುಜಾತಿಯವರು ಇದನ್ನ ತಲೆಮಾರಿನಿಂದ ಮಾಡ್ಕೊಂಡು ಬಂದಿದ್ದಾರೆ, ಅದಕ್ಕೇ ಅವರಿಗೆ ಅದು ಮೆರಿಟ್ ಥರ ಕಾಣುತ್ತೆ.

ಫಾರ್ವರ್ಡ್ ಮಾಡಿದ ಮಹನೀಯರಿಗೆ: ನಾಳೆ ನಿಮ್ಮ ಮನೆ ಮುಂದಿನ ಮ್ಯಾನ್‌ಹೋಲ್ ಕಟ್ಟಿಕೊಂಡಾಗ ರಾಕೆಟ್ ಎಂಜಿನಿಯರ್‌ಗೆ ಫೋನ್ ಮಾಡಿ. ಬರ್ತಾರೇನೋ ನೋಡೋಣ.

ಜೈ ಭೀಮ್.